ಕಿವಿಗೆ ಸುದ್ದಿ, ಹಂಡೆಗೆ ಶಕ್ತಿ



ಹಾಸನ ಜಿಲ್ಲೆಯ ಆಲೂರು, ಸಕಲೇಶಪುರಗಳ ಗುಡ್ಡನಾಡಿನಲ್ಲಿ ಕುಂದೂರು ಎಂಬ ಊರಿದೆ. ಇಳಿಜಾರಿನಲ್ಲಿ ಕಾಫಿಯ ತೋಟ, ತಗ್ಗಿನಲ್ಲಿ ಗದ್ದೆ, ನಡುನಡುವೆ ಬಿಡಿಬಿಡಿಯಾದ ಮನೆಗಳು: ಇದು ಆ ಸೀಮೆಯ ಸಾಮಾನ್ಯ ರೂಪ. ಇಂಥ ನಾಡಿನಲ್ಲಿ ಸಂಜೆಯ ಹೊತ್ತು ಒಬ್ಬಾಳು ಗದ್ದೆಯ ಬದುವಿನ ಮೇಲೆ ನಿಂತು ಕೂಗು ಹಾಕಿದರೆ ಆಚೆಯ ದಿಣ್ಣೆಯ ಮನೆಯವರು ಓಗೊಡುತ್ತಾರೆ. ಅದೇ ಮನೆಯ ಬಚ್ಚಲಿನಲ್ಲಿ ಒಂದು ಹಂಡೆ ನೀರು ಕಾಯಬೇಕಾದರೆ ಒಂದು ಹೊರೆ ಸೌದೆ ಉರಿಯಬೇಕು. ಎರಡೂ ಶಕ್ತಿಯ ವ್ಯಾಪಾರವೇ. ಆದರೆ ಒಂದಕ್ಕೆ ಒಂದು ಉಸಿರು ಸಾಕು. ಇನ್ನೊಂದಕ್ಕೆ ಮರವೇ ಬೇಕು. ಈ ಅಂತರವು ಎಷ್ಟು ದೊಡ್ಡದು, ಏಕೆ ಉಂಟಾಗಿದೆ, ಪಟ್ಟಣದಲ್ಲಿ ವಾಸಮಾಡುವ ನಾವು ಅದರಿಂದ ತಿಳಿಯತಕ್ಕದ್ದೇನು ಎಂಬುದೇ ಇಂದಿನ ವಿಷಯ.

ಮೊದಲು ಕೂಗನ್ನು ತೆಗೆದುಕೊಳ್ಳೋಣ. ಕೆರೆಗೆ ಕಲ್ಲೆಸೆದಾಗ ಅಲೆಗಳು ದಡದವರೆಗೂ ಬರುತ್ತವೆ; ಆದರೆ ನೀರಿನ ಮೇಲೆ ತೇಲುವ ಎಲೆ ದಡಕ್ಕೆ ಬರುವುದಿಲ್ಲ. ಅದು ನಿಂತಲ್ಲಿಯೇ ಏರಿ ಇಳಿಯುತ್ತದೆ. ಅಲೆಯು ಸಾಗಿಸುವುದು ನೀರನ್ನಲ್ಲ, ಚಲನೆಯನ್ನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶಬ್ದವೂ ಹಾಗೆಯೇ. ಕೂಗಿದವನ ಬಾಯಿಯ ಗಾಳಿ ಆಚೆಯ ದಿಣ್ಣೆಗೆ ಹೋಗುವುದಿಲ್ಲ; ಗಾಳಿಯ ಒಂದು ಪದರ ಮುಂದಿನ ಪದರವನ್ನು ತಳ್ಳಿ ಹಿಂದಕ್ಕೆ ಸರಿಯುತ್ತದೆ, ಆ ತಳ್ಳುವಿಕೆ ಸೆಕೆಂಡಿಗೆ ಸುಮಾರು 340 ಮೀಟರಿನ ವೇಗದಿಂದ ಮುಂದುವರಿಯುತ್ತದೆ. ಸಂಜೆಯ ಕೂಗು ಮಧ್ಯಾಹ್ನದ ಕೂಗಿಗಿಂತ ದೂರ ಕೇಳಿಸುವುದಕ್ಕೂ ಕಾರಣವುಂಟು. ಹೊತ್ತು ಮುಳುಗಿದ ಮೇಲೆ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ತಂಗುತ್ತದೆ, ಬೆಚ್ಚನೆಯದು ಅದರ ಮೇಲೆ ನಿಲ್ಲುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದುದರಿಂದ ಮೇಲಕ್ಕೆ ಹೊರಟ ಅಲೆಯು ಬಾಗಿ ಮತ್ತೆ ನೆಲದ ಕಡೆಗೆ ಇಳಿಯುತ್ತದೆ.

ಈಗ ಲೆಕ್ಕವನ್ನು ನೋಡೋಣ. ನಾವು ಸಹಜವಾಗಿ ಮಾತನಾಡುವಾಗ ನಮ್ಮ ದನಿಯಾಗಿ ಹೊರಬೀಳುವ ಶಕ್ತಿಯ ಪ್ರಮಾಣ ಒಂದು ವಾಟಿನ ಲಕ್ಷದಲ್ಲಿ ಒಂದು ಭಾಗದಷ್ಟು. ಒಂದು ಸಣ್ಣ ಲೋಟದ ಕಾಫಿಗೆ, ಎಂದರೆ 150 ಮಿಲಿಲೀಟರ್ ನೀರಿಗೆ, 60 ಡಿಗ್ರಿಯಷ್ಟು ಬಿಸಿಯೇರಿಸಲು ಸುಮಾರು 38,000 ಜೂಲ್ ಬೇಕು. ಮಾತಿನ ಶಕ್ತಿಯನ್ನೆಲ್ಲ ಕೂಡಿಟ್ಟು ಆ ಕಾಫಿಯನ್ನು ಕಾಯಿಸಬೇಕೆಂದು ಹೊರಟರೆ, ಒಬ್ಬನು ಹಗಲಿರುಳೂ ಬಿಡದೆ ಸುಮಾರು 120 ವರ್ಷ ಮಾತನಾಡಬೇಕಾಗುತ್ತದೆ. ಅಷ್ಟು ಮಾತಿನ ಮೇಲೆ ಕಾಫಿ ಅವನಿಗೆ ಅವಶ್ಯವೇ ಆಗಿರುತ್ತದೆಂಬುದು ಬೇರೆ ವಿಷಯ!

ಇಷ್ಟು ಅಲ್ಪವಾದ ಶಕ್ತಿ ನಮಗೆ ಹೇಗೆ ಸಾಕಾಗುತ್ತದೆ? ಕಿವಿಗೆ ಬೇಕಾಗಿರುವುದು ಶಕ್ತಿಯಲ್ಲ, ಸುದ್ದಿ. ಬಂದ ಅಲೆಯ ಆಕಾರವನ್ನು ಅದು ಗುರುತಿಸಿದರೆ ಸಾಕು; ಮುಂದಿನ ಕೆಲಸಕ್ಕೆ ಶಕ್ತಿಯನ್ನು ದೇಹವೇ ಒದಗಿಸುತ್ತದೆ. ಅಂಚೆಯಲ್ಲಿ ಬಂದ ಕಾಗದವು ‘ಗಾಡಿ ಕಟ್ಟಿಕೊಂಡು ಬಾ’ ಎಂದು ಹೇಳುತ್ತದೆ. ಗಾಡಿಯನ್ನು ಎಳೆಯುವುದು ಕಾಗದವಲ್ಲ, ಮನೆಯ ಎತ್ತು.

ರೇಡಿಯೋ ನಡೆಯುವುದೂ ಇದೇ ತತ್ತ್ವದ ಮೇಲೆ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದಾಗ ಅವರ ಪ್ರೇಷಕ ಯಂತ್ರದ ಬಲ 30 ವಾಟ್ ಮಾತ್ರ. ಆ ಕಾಲದ ಓದುವ ಕೋಣೆಯ ದೀಪವೂ ಅದಕ್ಕಿಂತ ಹೆಚ್ಚು ಶಕ್ತಿಯನ್ನು ನುಂಗುತ್ತಿತ್ತು. ಆದರೂ ಊರಿನಲ್ಲಿ ರೇಡಿಯೋ ಇದ್ದ ಮನೆಗಳಲ್ಲಿ ಆ ಮಾತು, ಆ ಸಂಗೀತ ಕೇಳಿಸಿತು. ಗ್ರಾಹಕ ಯಂತ್ರದ ತಂತಿಗೆ ತಗಲುವ ಅಲೆಯು ಅತ್ಯಂತ ಕ್ಷೀಣವಾದುದು. ಪೆಟ್ಟಿಗೆಯಿಂದ ಹೊರಡುವ ಗಟ್ಟಿಯಾದ ದನಿಗೆ ಶಕ್ತಿ ಬರುವುದು ಕೇಳುವವರ ಮನೆಯ ಬ್ಯಾಟರಿಯಿಂದ ಅಥವಾ ವಿದ್ಯುತ್ತಿನಿಂದ. ಅಲೆಯು ಹೊತ್ತು ತರುವುದು ಅಪ್ಪಣೆಯನ್ನು ಮಾತ್ರ.

ಗುಡ್ಡನಾಡಿನಲ್ಲಿ ರೇಡಿಯೋ ಕೇಳದಿದ್ದರೆ ಅನೇಕ ವೇಳೆ ಅದು ಶಕ್ತಿಯ ಕೊರತೆಯಲ್ಲ, ದಾರಿಯ ತೊಡಕು. ಮಧ್ಯಮ ತರಂಗಗಳು ನೂರಾರು ಮೀಟರ್ ಉದ್ದವಾದುವು. ಅವು ಗುಡ್ಡವನ್ನು ಬಳಸಿ ನೆಲದ ಮೈಯನ್ನು ಹಿಡಿದು ಸಾಗಬಲ್ಲವು. ಎಫ್. ಎಂ. ತರಂಗದ ಉದ್ದ ಸುಮಾರು 3 ಮೀಟರ್. ಅದು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತದೆ, ಗುಡ್ಡದ ಹಿಂದೆ ನೆರಳನ್ನು ಬಿಡುತ್ತದೆ. ದಿಣ್ಣೆಯ ಮೇಲಿನ ಮನೆಗೆ ಕೇಳುವ ನಿಲಯವು ತಗ್ಗಿನ ಮನೆಗೆ ಕೇಳದಿರುವುದು ಇದರಿಂದ.

ಬೆಳಕಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಕಣ್ಣಿಗೆ ಬೇಕಾಗಿರುವುದೂ ಸುದ್ದಿಯೇ: ಇಲ್ಲಿ ಹೊಸ್ತಿಲಿದೆ, ಇಲ್ಲಿ ಅಕ್ಷರವಿದೆ ಎಂಬ ಸುದ್ದಿ. ಹಿಂದಿನ 60 ವಾಟಿನ ತಂತಿಯ ಬಲ್ಬು ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ ಐದರಷ್ಟನ್ನೋ ಅದಕ್ಕೂ ತುಸು ಹೆಚ್ಚನ್ನೋ ಬೆಳಕಾಗಿ ಕೊಟ್ಟು, ಮಿಕ್ಕುದನ್ನೆಲ್ಲ ಶಾಖವಾಗಿ ಚೆಲ್ಲುತ್ತಿತ್ತು. ನಾವು ಅದನ್ನು ದೀಪವೆಂದು ಕರೆದೆವು. ನಿಜವಾಗಿ ಅದೊಂದು ಒಲೆ. ಇಂದಿನ ಎಲ್. ಇ. ಡಿ. ದೀಪವು ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು 9 ವಾಟಿನಲ್ಲಿ ಕೊಡುತ್ತದೆ. ಇಂಥ ದೀಪವನ್ನು ದಿನಕ್ಕೆ 5 ಗಂಟೆಯಂತೆ ಉರಿಸಿದರೆ ಒಂದು ಯೂನಿಟ್ ವಿದ್ಯುತ್ತು 22 ಸಂಜೆಗಳಿಗೆ ಬರುತ್ತದೆ.

ಇನ್ನು ಹಂಡೆಯ ಕಡೆಗೆ ಬರೋಣ. ನೀರನ್ನು ಸುದ್ದಿಯಿಂದ ಕಾಯಿಸಲಾಗದು. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಬೇಕಾದರೆ ಸುಮಾರು 4,200 ಜೂಲ್ ಬೇಕೇಬೇಕು; ಸೌದೆಯಾದರೂ ಅಷ್ಟೆ, ಅನಿಲವಾದರೂ ಅಷ್ಟೆ, ವಿದ್ಯುತ್ತಾದರೂ ಅಷ್ಟೆ. ಒಂದು ಬಕೆಟ್ಟಿನಲ್ಲಿ 20 ಲೀಟರ್ ನೀರಿದೆ, ಅದನ್ನು 25 ಡಿಗ್ರಿ ಏರಿಸಬೇಕು ಎಂದುಕೊಳ್ಳಿ. ಬೇಕಾದುದು 21 ಲಕ್ಷ ಜೂಲ್, ಅಥವಾ ಸುಮಾರು 0.58 ಯೂನಿಟ್. ಒಬ್ಬರ ಒಂದು ಸ್ನಾನದ ಬಿಸಿಯಲ್ಲಿ ಮೇಲೆ ಹೇಳಿದ ದೀಪವನ್ನು ಸುಮಾರು 13 ಸಂಜೆ ಉರಿಸಬಹುದು. ಐದು ಮಂದಿಯ ಮನೆಯಲ್ಲಿ ತಿಂಗಳೊಂದಕ್ಕೆ ಸ್ನಾನದ ಬಿಸಿಯೊಂದೇ 87 ಯೂನಿಟ್ ಆಗುತ್ತದೆ.

ಈ ಅಂಕಿಗಳು ಮನಸ್ಸಿಗೆ ಹಿಡಿಯಬೇಕಾದರೆ ಜೋಗಕ್ಕೆ ಹೋಗಬೇಕು. ಅಲ್ಲಿ ಶರಾವತಿಯು 253 ಮೀಟರ್ ಧುಮುಕುತ್ತದೆ. ಬಿದ್ದ ನೀರಿನ ಶಕ್ತಿಯೆಲ್ಲ ಶಾಖವಾಗಿ ಆ ನೀರಿನಲ್ಲಿಯೇ ಉಳಿದರೂ ಅದರ ಬಿಸಿಯು ಏರುವುದು 0.6 ಡಿಗ್ರಿಯಷ್ಟೆ. ನಮಗೆ ಬೇಕಾಗಿರುವುದು 25 ಡಿಗ್ರಿ. ಆದುದರಿಂದ ಒಂದು ಬಕೆಟ್ ಸ್ನಾನದ ನೀರನ್ನು ಜಲವಿದ್ಯುತ್ತಿನಿಂದ ಕಾಯಿಸಲು ಜೋಗದ ಎತ್ತರದಿಂದ 42 ಬಕೆಟ್ ನೀರು ಬೀಳಬೇಕು. ಯಂತ್ರದಲ್ಲಿಯೂ ತಂತಿಯಲ್ಲಿಯೂ ಆಗುವ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು. ಕಣ್ಣಿಗೆ ಅಷ್ಟು ಭಯಂಕರವಾಗಿ ಕಾಣುವ ಜಲಪಾತವು ಶಾಖದ ತಕ್ಕಡಿಯಲ್ಲಿ ಇಷ್ಟು ಹಗುರ.

ಹಾಗಾದರೆ ಸೌದೆಯೇ ಮೇಲೆಂದು ಯಾರಾದರೂ ಹೇಳಬಹುದು. ಒಣಗಿದ ಒಂದು ಕಿಲೋಗ್ರಾಂ ಸೌದೆಯಲ್ಲಿ ಸುಮಾರು 150 ಲಕ್ಷ ಜೂಲ್ ಅಡಗಿದೆ. ಲೆಕ್ಕದ ಪ್ರಕಾರ ಐದು ಬಕೆಟ್ ನೀರಿಗೆ ಮುಕ್ಕಾಲು ಕಿಲೋಗ್ರಾಂ ಸೌದೆ ಸಾಕು. ಆದರೆ ಸಾಮಾನ್ಯವಾದ ಬಚ್ಚಲ ಒಲೆಯಲ್ಲಿ ಶಾಖದ ಬಹುಭಾಗ ಹೊಗೆಯೊಡನೆ ಹೊರಟುಹೋಗುವುದರಿಂದ ಅದರ ಹಲವು ಪಾಲು ಉರಿಯಬೇಕಾಗುತ್ತದೆ. ಸೌದೆ ಹಸಿಯಾಗಿದ್ದರಂತೂ ಕೇಳುವುದೇ ಬೇಡ. ಅದರಲ್ಲಿರುವ ಒಂದು ಲೀಟರ್ ನೀರು ಆವಿಯಾಗಿ ಹೋಗಲು ತಿನ್ನುವ ಶಾಖವು ಒಂದು ಬಕೆಟ್ ಸ್ನಾನದ ನೀರಿನ ಶಾಖಕ್ಕಿಂತ ಹೆಚ್ಚು. ಮಲೆನಾಡಿನ ಗೃಹಸ್ಥರು ಮಳೆಗಾಲಕ್ಕೆ ಮೊದಲೇ ಸೌದೆಯನ್ನು ಸೀಳಿ ಒಣಗಿಸಿ ಕೊಟ್ಟಿಗೆಗೆ ಸೇರಿಸುವುದು ಬರಿಯ ವಾಡಿಕೆಯಲ್ಲ, ಸರಿಯಾದ ಭೌತವಿಜ್ಞಾನ. ಹಸಿ ಸೌದೆಯ ಹೊಗೆಯು ಒಲೆಯ ಮುಂದೆ ಕುಳಿತವರ ಕಣ್ಣಿಗೂ ಎದೆಗೂ ಮಾಡುವ ಕೇಡನ್ನು ಬೇರೆಯಾಗಿ ಎಣಿಸಬೇಕು.

ಶಾಖದ ಈ ಹೊಟ್ಟೆಬಾಕತನವು ಒಂದು ಮನೆಯ ಲೆಕ್ಕಕ್ಕೆ ಮುಗಿಯುವುದಿಲ್ಲ. ಅದು ತಂತಿಯ ಕೊನೆಯ ಮನೆಯವರಿಗೂ ತಟ್ಟುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದಾಗ ಎಂಜಿನಿಯರುಗಳು ಹತ್ತಾರು ಸಾವಿರ ವೋಲ್ಟಿನ ಒತ್ತಡವನ್ನು ಬಳಸಿದರು. ಒತ್ತಡ ಹೆಚ್ಚಿದಷ್ಟೂ ಅದೇ ಶಕ್ತಿಗೆ ಬೇಕಾದ ಪ್ರವಾಹ ಕಡಿಮೆ. ತಂತಿಯಲ್ಲಿ ವ್ಯರ್ಥವಾಗುವ ಶಾಖವಾದರೋ ಪ್ರವಾಹದ ವರ್ಗಕ್ಕೆ ಅನುಗುಣವಾದುದು: ಪ್ರವಾಹ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಆದರೆ ಟ್ರಾನ್ಸ್‌ಫಾರ್ಮರನ್ನು ದಾಟಿದ ಮೇಲೆ ಮನೆಗೆ ಬರುವ ಕೊನೆಯ ತಂತಿಯಲ್ಲಿ ಒತ್ತಡ 230 ವೋಲ್ಟ್ ಮಾತ್ರ. ಅಲ್ಲಿ 2,000 ವಾಟಿನ ಒಂದು ಗೀಸರ್ ಸುಮಾರು 9 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಇದು 9 ವಾಟಿನ 220 ದೀಪಗಳಿಗೆ ಸಮ.

ಮನೆಗಳು ದೂರದೂರವಾಗಿರುವ ಗುಡ್ಡದ ಊರಿನಲ್ಲಿ ಈ ಕೊನೆಯ ತಂತಿಯು ಉದ್ದವಾಗಿರುತ್ತದೆ. ಚಳಿಯ ಮುಂಜಾನೆ ಹತ್ತು ಮನೆಯವರು ಒಟ್ಟಿಗೆ ನೀರು ಕಾಯಿಸತೊಡಗಿದರೆ ದಾರಿಯಲ್ಲಿಯೇ ಒತ್ತಡ ಕುಸಿಯುತ್ತದೆ. ತುದಿಯ ಮನೆಯಲ್ಲಿ 230 ಇರಬೇಕಾದುದು 200ಕ್ಕೆ ಇಳಿದರೆ ಅಲ್ಲಿನ ಗೀಸರಿನ ಬಲ ಮುಕ್ಕಾಲು ಪಾಲಿಗೆ ಬರುತ್ತದೆ. ನೀರೆತ್ತುವ ಮೋಟಾರು ತನ್ನ ಹೊರೆಯನ್ನು ನಿರ್ವಹಿಸಲು ಹೆಚ್ಚು ಪ್ರವಾಹವನ್ನು ಎಳೆದು ಕಾವೇರುತ್ತದೆ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ. ಕಾಫಿಯ ಹೂಮಳೆ ತಡವಾಗಿ, ತೋಟಕ್ಕೆ ನೀರು ಹಾಯಿಸಲೇಬೇಕಾದ ದಿನಗಳಲ್ಲಿ ಇದು ಸಣ್ಣ ನಷ್ಟವಲ್ಲ. ಹೀಗೆ ಒಬ್ಬರ ಬಚ್ಚಲಿನ ಬಿಸಿಯು ಇನ್ನೊಬ್ಬರ ಬೆಳೆಗೆ ಮುಟ್ಟುವುದುಂಟು.

ಆದುದರಿಂದ ಮಿತವ್ಯಯವನ್ನು ಎಲ್ಲಿ ಮಾಡಬೇಕೆಂಬ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. ದನಿಯಲ್ಲಿ ಉಳಿತಾಯವಿಲ್ಲ, ಬೆಳಕಿನಲ್ಲಿ ಈಗ ಸ್ವಲ್ಪವೇ ಉಂಟು, ಇರುವುದೆಲ್ಲ ಶಾಖದಲ್ಲಿ. ಕೈಯಲ್ಲಿ ಹಿಡಿದ ಫೋನಿನ ಬ್ಯಾಟರಿಯನ್ನು ಪೂರ್ತಿಯಾಗಿ ತುಂಬುವ ಶಕ್ತಿಯು ಎರಡು ಲೋಟ ಕಾಫಿಯ ಬಿಸಿಗಿಂತ ಹೆಚ್ಚಲ್ಲ. ಗೀಸರನ್ನು ದಿನವಿಡೀ ಹಚ್ಚಿಟ್ಟರೆ ಕಾದ ನೀರಿನ ಬಿಸಿಯು ಗೋಡೆಯ ಮೂಲಕ ಸೋರುತ್ತಲೇ ಇರುತ್ತದೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಚ್ಚಿ, ಒಬ್ಬರಾದ ಮೇಲೆ ಒಬ್ಬರು ಸ್ನಾನಮಾಡಿ ಆರಿಸುವುದು ಲೇಸು. ಅಡುಗೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಹೆಚ್ಚಿಸಿದರೆ ಅದರ ಬಿಸಿಯು ಒಂದು ಡಿಗ್ರಿಯೂ ಏರುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಮುಚ್ಚಳವನ್ನು ಮುಚ್ಚಿ ಉರಿಯನ್ನು ತಗ್ಗಿಸುವುದೇ ಜಾಣತನ. ಬಿಸಿಲಿರುವ ತಿಂಗಳುಗಳಲ್ಲಿ ಮಾಳಿಗೆಯ ಮೇಲಿನ ಸೌರ ಜಲತಾಪಕವು ಈ ಭಾರವನ್ನು ಹೊರಬಲ್ಲದು. ಮೋಡ ಕವಿದ ಮಳೆಗಾಲದಲ್ಲಿ ಅದನ್ನು ನಂಬುವಂತಿಲ್ಲ. ಆಗ ಹೊರಗಿನ ಗಾಳಿಯ ಶಾಖವನ್ನೇ ನೀರಿಗೆ ಸಾಗಿಸುವ ಹೀಟ್ ಪಂಪ್ ಎಂಬ ಹೊಸ ಬಗೆಯ ಯಂತ್ರವು, ಸಾಮಾನ್ಯ ಗೀಸರಿನ ವಿದ್ಯುತ್ತಿನಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟರಲ್ಲಿ ಅದೇ ಕೆಲಸವನ್ನು ಮಾಡುತ್ತದೆ.

ಅನೇಕ ಮನೆಗಳಲ್ಲಿ ರಾತ್ರಿ ಓದುತ್ತ ಕುಳಿತ ಮಕ್ಕಳಿಗೆ ‘ದೀಪ ಆರಿಸಿ ಮಲಗು, ಕರೆಂಟು ಸುಮ್ಮನೆ ಬರುತ್ತದೆಯೆ?’ ಎಂದು ಹಿರಿಯರು ಗದರಿಸುವುದುಂಟು. ಬಲ್ಬು ಒಲೆಯಾಗಿದ್ದ ಕಾಲಕ್ಕೆ ಆ ಮಾತು ಒಪ್ಪುತ್ತಿತ್ತು. ಈಗ ಒಂದು ಬಕೆಟ್ ಬಿಸಿನೀರನ್ನು ಅರ್ಧ ಬಕೆಟ್ಟಿಗೆ ಇಳಿಸಿದರೆ, ಆ ಉಳಿತಾಯದಲ್ಲಿ ಮಗುವು ಆರು ಸಂಜೆ ಓದಬಹುದು. ಮನೆಯ ಯಜಮಾನರು ಗದರಿಸಲೇಬೇಕೆಂದಿದ್ದರೆ ಮೊದಲು ಬಚ್ಚಲಿನ ಕಡೆಗೆ ಒಮ್ಮೆ ಹೋಗಿಬಂದು ಆಮೇಲೆ ಗದರಿಸಲಿ ಎಂದು ವಿನಂತಿಸಿ ಈ ಭಾಷಣವನ್ನು ಮುಗಿಸುತ್ತೇನೆ.