ಯೋಗಾಸನಕ್ಕೆ ಜಾರದ ಹಾಸು

ಯೋಗಾಸನವು ಈಗ ನಗರಕ್ಕೆ ಮಾತ್ರ ಸೀಮಿತವಾದ ಅಭ್ಯಾಸವಾಗಿ ಉಳಿದಿಲ್ಲ. ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯ ದೊಡ್ಡಆಲಹಳ್ಳಿಯಂತಹ ಗ್ರಾಮಗಳಲ್ಲಿಯೂ ಬೆಳಗಿನ ಜಾವ ಮನೆಯ ಪಡಸಾಲೆಯಲ್ಲಿ, ಶಾಲೆಯ ಕೊಠಡಿಯಲ್ಲಿ, ಸಮುದಾಯ ಭವನದಲ್ಲಿ ಆಸನ ಮಾಡುವವರನ್ನು ಕಾಣುತ್ತೇವೆ. ಇದು ಸಂತೋಷದ ಸಂಗತಿ. ಇದರೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ನೋವುಗಳಲ್ಲಿಯೂ ಒಂದು ಹೊಸ ಬಗೆ ಸೇರಿಕೊಂಡಿದೆ. ತ್ರಿಕೋನಾಸನದಲ್ಲಿ ಕಾಲು ಜಾರಿ ತೊಡೆಯ ಒಳಭಾಗದ ಸ್ನಾಯು ಹಿಡಿದುಕೊಂಡವರು, ಸೂರ್ಯನಮಸ್ಕಾರದಲ್ಲಿ ಅಂಗೈ ಮುಂದಕ್ಕೆ ಸರಿದು ಮಣಿಕಟ್ಟು ಉಳುಕಿಸಿಕೊಂಡವರು, ಒಂಟಿಗಾಲಿನಲ್ಲಿ ನಿಂತಾಗ ಹಾಸಿನ ಸಮೇತ ಜಾರಿ ಬಿದ್ದವರು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಐವತ್ತೈದು ದಾಟಿದವರು. "ಆಸನ ನಮಗೆ ಒಗ್ಗುವುದಿಲ್ಲ ಡಾಕ್ಟರೇ" ಎಂದು ಬೇಸರದಿಂದ ಹೇಳುತ್ತಾರೆ. ವಿಚಾರಿಸಿದರೆ ದೋಷವು ಆಸನದ್ದಲ್ಲ, ಕೆಳಗೆ ಹಾಸಿದ ವಸ್ತುವಿನದು ಎಂಬುದು ತಿಳಿಯುತ್ತದೆ.

ಹಿಂದಿನವರು ಯಾವ ಹಾಸಿನ ಮೇಲೆ ಆಸನ ಮಾಡುತ್ತಿದ್ದರು ಎಂದು ಭಕ್ತರು ಆಗಾಗ ಕೇಳುವುದುಂಟು. ಘೇರಂಡ ಸಂಹಿತೆಯು ಪ್ರಾಣಾಯಾಮಕ್ಕೆ ಕುಳಿತುಕೊಳ್ಳಲು ದರ್ಭೆ, ಜಿಂಕೆಯ ಚರ್ಮ, ಹುಲಿಯ ಚರ್ಮ, ಕಂಬಳಿ ಇವುಗಳನ್ನು ಹೇಳುತ್ತದೆ. ಇವೆಲ್ಲವೂ ಕುಳಿತುಕೊಳ್ಳುವುದಕ್ಕೆ ಆದ ಆಸನಗಳು ಎಂಬುದನ್ನು ಗಮನಿಸಬೇಕು. ನೆಲದ ಶೀತವು ತಟ್ಟಬಾರದು, ಬಹಳ ಹೊತ್ತು ಕುಳಿತರೆ ಒತ್ತಬಾರದು ಎಂಬುದಷ್ಟೇ ಅಲ್ಲಿನ ಉದ್ದೇಶ. ಶಿವಪೂಜೆಗೆ ಕುಳಿತುಕೊಳ್ಳುವಾಗ ನಾವು ಹಾಸುವ ಕಂಬಳಿಯ ಉದ್ದೇಶವೂ ಅದೇ. ಕುಳಿತವನು ಜಾರುವುದಿಲ್ಲ. ಕಾಲುಗಳನ್ನು ಮೂರೂವರೆ ನಾಲ್ಕು ಅಡಿ ಅಗಲಿಸಿ ನಿಲ್ಲುವವನು ಜಾರುತ್ತಾನೆ. ಆದುದರಿಂದ ಹಿಡಿತದ ಪ್ರಶ್ನೆಯು ನಿಂತು ಮಾಡುವ ಆಸನಗಳು ಬಳಕೆಗೆ ಬಂದಂತೆಲ್ಲ ದೊಡ್ಡದಾಯಿತು.

ಆ ನಿಂತು ಮಾಡುವ ಆಸನಗಳನ್ನು ಇಂದಿನ ರೂಪದಲ್ಲಿ ಜಗತ್ತಿಗೆ ಕೊಟ್ಟದ್ದು ಬಹುಮಟ್ಟಿಗೆ ನಮ್ಮ ಮೈಸೂರೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. 1934ರ ಅವರ 'ಯೋಗ ಮಕರಂದ' ರಚನೆಯಾದದ್ದು ಕನ್ನಡದಲ್ಲಿ. ಅವರಲ್ಲಿ ಕಲಿತ ಪಟ್ಟಾಭಿ ಜೋಯಿಸರು ಹಾಸನದ ಬಳಿಯ ಕೌಶಿಕದವರು, ಬಿ.ಕೆ.ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದವರು. ಆ ಕಾಲದಲ್ಲಿ ಇಂದಿನ ರಬ್ಬರಿನ ಯೋಗ ಮ್ಯಾಟ್ ಇರಲಿಲ್ಲ. ಅಯ್ಯಂಗಾರರು 1966ರ 'ಲೈಟ್ ಆನ್ ಯೋಗ' ಗ್ರಂಥದಲ್ಲಿಯೂ ಸಮತಟ್ಟಾದ ನೆಲದ ಮೇಲೆ ಮಡಿಸಿದ ಕಂಬಳಿಯನ್ನು ಹಾಸಿಕೊಳ್ಳುವಂತೆಯೇ ಸೂಚಿಸಿದ್ದಾರೆ. ಮೈಸೂರಿನ ಯೋಗಶಾಲೆಗಳಲ್ಲಿ ಬಳಕೆಗೆ ಬಂದ ಹತ್ತಿಯ ಜಮಖಾನವು ಈಗ 'ಮೈಸೂರ್ ರಗ್' ಎಂಬ ಹೆಸರಿನಲ್ಲಿಯೇ ಹೊರದೇಶಗಳಲ್ಲಿ ಮಾರಾಟವಾಗುತ್ತದೆ.

ಅಂಟುವ ಹಾಸಿನ ಮೂಲವು ವೈದ್ಯರಾದ ನಮಗೆ ಬಹಳ ಕುತೂಹಲಕರವೆನಿಸುತ್ತದೆ. ಅಯ್ಯಂಗಾರರ ಶಿಷ್ಯೆಯಾದ ಏಂಜೆಲಾ ಫಾರ್ಮರ್ ಎಂಬ ಇಂಗ್ಲಿಷ್ ಮಹಿಳೆಗೆ ಚಿಕ್ಕ ವಯಸ್ಸಿನಲ್ಲಿ ಆದ ಶಸ್ತ್ರಚಿಕಿತ್ಸೆಯ ಕಾರಣದಿಂದ ಅಂಗೈ ಅಂಗಾಲುಗಳು ಬೆವರುತ್ತಿರಲಿಲ್ಲ. ಒಣಗಿದ ಕೈಕಾಲು ಯಾವ ನೆಲದ ಮೇಲೂ ನಿಲ್ಲದೆ ಜಾರುತ್ತಿತ್ತು. ಜರ್ಮನಿಯಲ್ಲಿ ಪಾಠ ಹೇಳುತ್ತಿದ್ದಾಗ, ರತ್ನಗಂಬಳಿಯು ಜಾರದಂತೆ ಅದರ ಕೆಳಗೆ ಹಾಸುವ ಅಂಟುಗುಣದ ತೆಳು ಹಾಳೆಯನ್ನು ಆಕೆ ಕತ್ತರಿಸಿ ಆಸನಕ್ಕೆ ಬಳಸಿದರು. ಇಂದು ಲೋಕದಲ್ಲೆಲ್ಲ ಕಾಣುವ ಯೋಗ ಮ್ಯಾಟ್ ಅಲ್ಲಿಂದ ಬೆಳೆದು ಬಂದದ್ದು. ಬೆವರಿನಿಂದ ಮಾತ್ರ ಜಾರುತ್ತದೆ ಎಂದು ಭಾವಿಸುವವರು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಅತಿಯಾಗಿ ಒಣಗಿದ ಚರ್ಮವೂ ಜಾರುತ್ತದೆ.

ಹಾಸನ್ನು ಕೊಳ್ಳುವ ಮೊದಲು ನೋಡಿಕೊಳ್ಳಬೇಕಾದವು ಎರಡು ಹಿಡಿತಗಳು. ಒಂದು, ಅಂಗೈ ಅಂಗಾಲಿಗೂ ಹಾಸಿಗೂ ಇರುವ ಹಿಡಿತ. ಇನ್ನೊಂದು, ಹಾಸಿನ ತಳಕ್ಕೂ ಮನೆಯ ನೆಲಕ್ಕೂ ಇರುವ ಹಿಡಿತ. ಅಂಗಡಿಯಲ್ಲಿ ಎಲ್ಲರೂ ಮೊದಲನೆಯದನ್ನು ಮುಟ್ಟಿ ನೋಡುತ್ತಾರೆ. ಎರಡನೆಯದನ್ನು ಕೇಳುವವರು ವಿರಳ. ನಾವು ಕಂಡ ಬೀಳುವಿಕೆಗಳಲ್ಲಿ ಹೆಚ್ಚಿನವು ಎರಡನೆಯದು ತಪ್ಪಿದ್ದರಿಂದಲೇ ಆದವು.

ನಮ್ಮ ಭಾಗದ ಹಳೆಯ ಮನೆಗಳಲ್ಲಿ ಚಪ್ಪಡಿ ಕಲ್ಲಿನ ನೆಲ, ಗಾರೆ ನೆಲ, ಕೆಂಪು ಬಣ್ಣದ ನಯವಾದ ರೆಡ್ ಆಕ್ಸೈಡ್ ನೆಲಗಳಿವೆ. ಹೊಸ ಮನೆಗಳಲ್ಲಿ ಹೊಳೆಯುವ ಟೈಲ್ಸ್. ಒರಟು ಚಪ್ಪಡಿಯ ಮೇಲೆ ಯಾವ ಹಾಸಾದರೂ ನಿಲ್ಲುತ್ತದೆ, ಆದರೆ ಅದರ ತಳ ಬೇಗ ಸವೆಯುತ್ತದೆ. ಟೈಲ್ಸ್ ನೆಲವು ಶುಚಿಯಾಗಿದ್ದರೆ ರಬ್ಬರ್ ತಳದ ಹಾಸು ಅಲ್ಲಿ ಅಂಟಿಕೊಂಡಂತೆ ನಿಲ್ಲುತ್ತದೆ. ತೊಂದರೆಯಿರುವುದು ಧೂಳಿನಲ್ಲಿ. ಹೊಲದಿಂದ, ಹಿಪ್ಪುನೇರಳೆ ತೋಟದಿಂದ ಬಂದ ಕಾಲುಗಳು ತಂದ ನುಣುಪಾದ ಕೆಮ್ಮಣ್ಣು ಟೈಲ್ಸ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹರಡಿದ್ದರೂ ಸಾಕು, ಎಷ್ಟೇ ಬೆಲೆಯ ಹಾಸೂ ಅದರ ಮೇಲೆ ಜಾರುತ್ತದೆ. ಆಸನಕ್ಕೆ ಮೊದಲು ಒದ್ದೆ ಬಟ್ಟೆಯಿಂದ ನೆಲವನ್ನು ಒರೆಸಿ, ಪೂರ್ಣವಾಗಿ ಆರಿದ ಮೇಲೆ ಹಾಸತಕ್ಕದ್ದು. ಸಾರಿಸಿದ ನೆಲ ಆರುವ ಮೊದಲೇ ಹಾಸಿದರೆ ತಳದಲ್ಲಿ ನೀರಿನ ಪದರ ನಿಂತು ಇನ್ನಷ್ಟು ಅಪಾಯ. ರತ್ನಗಂಬಳಿಯ ಮೇಲೆ ಅಥವಾ ಚಾಪೆಯ ಮೇಲೆ ಯೋಗ ಮ್ಯಾಟ್ ಹಾಸುವ ಅಭ್ಯಾಸವನ್ನು ಬಿಡಬೇಕು.

ಇನ್ನು ಅಂಗೈ ಅಂಗಾಲುಗಳ ವಿಚಾರ. ಪಿತ್ತ ಪ್ರಕೃತಿಯವರಿಗೆ ಬೆವರು ಹೆಚ್ಚು. ಅವರಿಗೆ ತೇವವನ್ನು ಹೀರುವ ಮೇಲ್ಮೈ ಬೇಕು. ವಾತ ಪ್ರಕೃತಿಯವರ ಚರ್ಮವು ರೂಕ್ಷ. ಹೊಲದ ಕೆಲಸ ಮಾಡುವ ತಾಯಂದಿರ ಒಡೆದ ಹಿಮ್ಮಡಿ, ಕುಡುಗೋಲು ಹಿಡಿದು ಜಡ್ಡುಗಟ್ಟಿದ ಅಂಗೈ ಇವುಗಳಿಗೆ ನಯವಾದ ಪ್ಲಾಸ್ಟಿಕ್ ಹಾಸು ಸ್ವಲ್ಪವೂ ಹೊಂದುವುದಿಲ್ಲ. ಅಂತಹವರು ಆರಂಭಕ್ಕೆ ಮೊದಲು ಒದ್ದೆ ಬಟ್ಟೆಯಿಂದ ಕೈಕಾಲುಗಳನ್ನು ಒರೆಸಿಕೊಂಡರೆ ಹಿಡಿತವು ಗಮನಾರ್ಹವಾಗಿ ಸುಧಾರಿಸುತ್ತದೆ. ಸಕ್ಕರೆ ಕಾಯಿಲೆಯು ಬಹುಕಾಲದಿಂದ ಇದ್ದು ಅಂಗಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಕಾಲು ಸರಿಯುತ್ತಿರುವುದು ತಿಳಿಯುವುದೇ ಇಲ್ಲ. ಅವರು ಗೋಡೆಯ ಆಸರೆಯಿಲ್ಲದೆ ನಿಂತು ಮಾಡುವ ಆಸನಗಳಿಗೆ ಹೋಗಬಾರದು; ಹಾಸು ಎಷ್ಟೇ ಉತ್ತಮವಾಗಿರಲಿ.

ಎಣ್ಣೆಯ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಅಷ್ಟಾಂಗ ಹೃದಯದ ದಿನಚರ್ಯೆಯಲ್ಲಿ ಅಭ್ಯಂಗದ ನಂತರ ವ್ಯಾಯಾಮ, ಅನಂತರ ಉದ್ವರ್ತನ ಮತ್ತು ಸ್ನಾನ ಎಂಬ ಕ್ರಮ ಬರುತ್ತದೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದೂ ಇದೆ. ಇದನ್ನು ಓದಿ ಮೈಗೆ ಎಳ್ಳೆಣ್ಣೆ ಹಚ್ಚಿಕೊಂಡು ಯೋಗ ಮ್ಯಾಟ್ ಮೇಲೆ ನಿಲ್ಲುವವರಿದ್ದಾರೆ. ಗರಡಿಮನೆಯ ಮಣ್ಣಿಗೆ ಹೊಂದುವ ಕ್ರಮ ರಬ್ಬರಿನ ಹಾಸಿಗೆ ಹೊಂದುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆಸನ ಮಾಡುವವರು ಆಸನವನ್ನು ಮುಗಿಸಿ, ಸ್ವಲ್ಪ ವಿಶ್ರಮಿಸಿ, ಬಳಿಕ ಅಭ್ಯಂಗ ಮಾಡಿಕೊಂಡು ಬಿಸಿನೀರಿನ ಸ್ನಾನ ಮಾಡುವುದು ಕ್ಷೇಮ. ರಾತ್ರಿ ಪಾದಾಭ್ಯಂಗ ಮಾಡಿಕೊಳ್ಳುವವರು ಬೆಳಿಗ್ಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟಿನಿಂದ ಪಾದಗಳನ್ನು ಉಜ್ಜಿ ತೊಳೆದ ಮೇಲೆಯೇ ಹಾಸಿನ ಮೇಲೆ ಕಾಲಿಡಬೇಕು. ಎಣ್ಣೆಯು ಜಾರಿಸುವುದಲ್ಲದೆ ರಬ್ಬರನ್ನು ಕೆಡಿಸುತ್ತದೆ.

ಮಾರುಕಟ್ಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಹಾಸುಗಳು ಬಹುತೇಕ ಇವಿಎ ಎಂಬ ಹಗುರ ಫೋಮಿನವು ಅಥವಾ ಪಿವಿಸಿಯವು. ಇವಿಎ ಹಾಸು ಹಗುರ, ಮಕ್ಕಳೂ ಹೊರಬಹುದು; ಆದರೆ ಬೇಗ ಹಿಸುಕಿಹೋಗಿ ನಯವಾಗುತ್ತದೆ. ಪಿವಿಸಿ ಹಾಸು ಬಾಳಿಕೆ ಬರುತ್ತದೆ. ಹೊಸತರಲ್ಲಿ ಅದರ ಮೇಲ್ಮೈ ಜಾರುತ್ತದೆ, ಬಳಸಿದಂತೆ ಹಿಡಿತ ಕೂಡುತ್ತದೆ. ಆದುದರಿಂದ ಮೊದಲ ಕೆಲವು ವಾರ ಎಚ್ಚರ ಬೇಕು. ಇದನ್ನು ಮೃದುಗೊಳಿಸಲು ಥಾಲೇಟ್ ಎಂಬ ರಾಸಾಯನಿಕಗಳನ್ನು ಸೇರಿಸಿರುವುದುಂಟು. ವಾಸನೆ ತೀವ್ರವಾಗಿದ್ದರೆ ಕೆಲವು ದಿನ ಗಾಳಿಯಾಡುವ ನೆರಳಿನಲ್ಲಿ ಹರಡಿಡಬೇಕು. ಟಿಪಿಇ ಎಂಬುದು ಇವೆರಡಕ್ಕಿಂತ ಉತ್ತಮವಾದ ನಡುದಾರಿ; ಹಗುರವಾಗಿದ್ದು ಒಣ ಹಿಡಿತವು ಚೆನ್ನಾಗಿರುತ್ತದೆ, ಬೆವರು ಹೆಚ್ಚಾದರೆ ಮಾತ್ರ ಜಾರುತ್ತದೆ.

ಹಿಡಿತವೊಂದನ್ನೇ ನೋಡುವುದಾದರೆ ನೈಸರ್ಗಿಕ ರಬ್ಬರಿನ ಹಾಸಿಗೆ ನಾವು ಮೊದಲ ಸ್ಥಾನ ಕೊಡುತ್ತೇವೆ. ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಇಳಿಸುವ ಅದೇ ರಬ್ಬರ್ ಹಾಲಿನ ಜಾತಿಯದು ಇದು. ನೆಲವನ್ನೂ ಅಂಗೈಯನ್ನೂ ಒಂದೇ ಸಮನೆ ಹಿಡಿಯುತ್ತದೆ. ಇದರ ಕುಂದುಗಳೆಂದರೆ ಬೆಲೆ, ಎರಡು ಮೂರು ಕಿಲೋ ತೂಕ, ಆರಂಭದ ವಾಸನೆ. ರಬ್ಬರ್ ಹಾಲಿಗೆ ಅಲರ್ಜಿಯಿರುವವರು ಇದನ್ನು ಮುಟ್ಟಬಾರದು. ರಬ್ಬರ್ ಕೈಗವಸು ಅಥವಾ ಬಲೂನು ಮುಟ್ಟಿದರೆ ತುರಿಕೆಯಾಗುವವರು, ಬಾಳೆಹಣ್ಣು ತಿಂದರೆ ಬಾಯಿ ತುರಿಸುವವರು ವೈದ್ಯರನ್ನು ಕೇಳಿ ಮುಂದುವರಿಯಲಿ. ರಬ್ಬರ್ ತಳಕ್ಕೆ ಕಾರ್ಕ್ ಹೊದಿಸಿದ ಹಾಸುಗಳು ಬೆವರುವವರಿಗೆ ಒಳ್ಳೆಯವು; ಕಾರ್ಕ್ ತೇವವಾದಂತೆ ಹಿಡಿತ ಹೆಚ್ಚಿಸಿಕೊಳ್ಳುತ್ತದೆ. ಹತ್ತಿಯ ಜಮಖಾನದ ಗುಣವೂ ಅದೇ. ಒಣಗಿದ್ದಾಗ ಜಾರುತ್ತದೆ, ಸ್ವಲ್ಪ ನೀರು ಚಿಮುಕಿಸಿದರೆ ಹಿಡಿಯುತ್ತದೆ. ಆದರೆ ಬರಿಯ ಟೈಲ್ಸ್ ಮೇಲೆ ಜಮಖಾನವನ್ನು ಹಾಸಿ ನಿಲ್ಲಬಾರದು. ಅದರ ಕೆಳಗೆ ಅಗ್ಗದ್ದಾದರೂ ಒಂದು ರಬ್ಬರ್ ಹಾಳೆ ಇರಲೇಬೇಕು.

ಹಿರಿಯರ ವಿಷಯದಲ್ಲಿ ನಮಗೆ ಹೆಚ್ಚು ಆತಂಕ ತರುವುದು ಹಾಸಿನ ದಪ್ಪ. ತಂದೆತಾಯಿಯ ಮಂಡಿನೋವಿಗೆ ಮೆತ್ತಗಿರಲಿ ಎಂದು ಬೆಂಗಳೂರಿನಲ್ಲಿರುವ ಮಕ್ಕಳು ಪ್ರೀತಿಯಿಂದ ಹತ್ತು, ಹದಿನೈದು ಮಿಲಿಮೀಟರಿನ ಹಾಸನ್ನು ತಂದುಕೊಡುತ್ತಾರೆ. ಮಲಗಿ ಮಾಡುವ ಆಸನಗಳಿಗೆ ಅದು ಹಿತ. ಅದರ ಮೇಲೆ ವೃಕ್ಷಾಸನಕ್ಕೋ ವೀರಭದ್ರಾಸನಕ್ಕೋ ನಿಂತರೆ ಪಾದವು ಕೆಸರುಗದ್ದೆಯಲ್ಲಿ ಹೂತಂತೆ ಅತ್ತಿತ್ತ ಹೊರಳುತ್ತದೆ. ಕಾಲ್ಬೆರಳುಗಳಿಗೆ ನೆಲವು ಸಿಗುವುದಿಲ್ಲ, ಹಿಮ್ಮಡಿಯ ಗಂಟು ವಾಲುತ್ತದೆ. ಅರವತ್ತು ದಾಟಿದ, ಅದರಲ್ಲಿಯೂ ಮುಟ್ಟು ನಿಂತು ಮೂಳೆ ಸವೆದ ತಾಯಂದಿರು ಹಾಗೆ ಬಿದ್ದರೆ ಮಣಿಕಟ್ಟಿನ ಮೂಳೆ ಮುರಿಯಬಹುದು. ತೊಡೆಮೂಳೆಯ ಕತ್ತೇ ಮುರಿಯಬಹುದು. ತೊಡೆಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರು ಮತ್ತೆ ಮೊದಲಿನಂತೆ ನಡೆದಾಡುವುದು ಎಷ್ಟು ಕಷ್ಟವೆಂಬುದನ್ನು ಅನೇಕ ಮನೆಗಳು ಬಲ್ಲವು. ನಾಲ್ಕರಿಂದ ಆರು ಮಿಲಿಮೀಟರ್ ದಪ್ಪದ, ಗಟ್ಟಿಯಾದ ಹಾಸನ್ನೇ ಕೊಳ್ಳಬೇಕು. ಮಂಡಿ ಊರುವ ಆಸನ ಬಂದಾಗ ಮಾತ್ರ ಮಡಿಸಿದ ಟವೆಲನ್ನೋ ಕಂಬಳಿಯನ್ನೋ ಮಂಡಿಯ ಕೆಳಗೆ ಇಟ್ಟುಕೊಂಡರಾಯಿತು.

ಅಂಗಡಿಯಲ್ಲಿ ಹಾಸನ್ನು ಬಿಚ್ಚಿಸಿ ನೆಲದ ಮೇಲೆ ಹಾಕಿಸಿ ನೋಡಲು ಸಂಕೋಚ ಬೇಡ. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು, ಕಾಲುಗಳನ್ನು ಎರಡು ಅಡಿ ಅಗಲಿಸಿ, ಮೆಲ್ಲಗೆ ಹೊರಕ್ಕೆ ಒತ್ತಬೇಕು. ಪಾದ ಸರಿದರೆ ಮೇಲ್ಮೈ ಸರಿಯಿಲ್ಲ. ಹಾಸೇ ಸರಿದರೆ ತಳ ಸರಿಯಿಲ್ಲ. ಹೆಬ್ಬೆರಳಿನಿಂದ ಬಲವಾಗಿ ಅದುಮಿ ಬಿಡಬೇಕು. ಕುಳಿಯು ಕೂಡಲೇ ತುಂಬದಿದ್ದರೆ ಆ ಹಾಸು ಬಹುಕಾಲ ಬಾಳುವುದಿಲ್ಲ. ಬೆರಳನ್ನು ಒದ್ದೆ ಮಾಡಿ ಉಜ್ಜಿ ನೋಡಿದರೆ ಬೆವರಿನಲ್ಲಿ ಅದರ ನಡತೆ ತಿಳಿಯುತ್ತದೆ. ಸಾಮಾನ್ಯವಾಗಿ 68 ಅಂಗುಲ ಉದ್ದ, 24 ಅಂಗುಲ ಅಗಲದವು ದೊರೆಯುತ್ತವೆ. ಎತ್ತರದವರು 72 ಅಂಗುಲದ್ದನ್ನು ಕೇಳಿ ಪಡೆಯಬೇಕು. ಬಣ್ಣಕ್ಕೂ ಚಿತ್ತಾರಕ್ಕೂ ಹಣ ಕೊಡುವ ಅಗತ್ಯವಿಲ್ಲ.

ಜೂನ್ 21ರ ಯೋಗ ದಿನದಂದು ಮತ್ತು ಶಿಬಿರಗಳಲ್ಲಿ ಒಂದೇ ಹಾಸನ್ನು ಹಲವರು ಬಳಸುವುದನ್ನು ನೋಡುತ್ತೇವೆ. ಒಟ್ಟಿಗೆ ಮಲಗುವುದು, ಒಂದೇ ಆಸನದಲ್ಲಿ ಕೂರುವುದು, ಪರರ ಬಟ್ಟೆ ಧರಿಸುವುದು ಇವುಗಳಿಂದ ಚರ್ಮರೋಗ, ಜ್ವರ, ಕಣ್ಣಿನ ಬೇನೆಗಳು ಒಬ್ಬರಿಂದ ಒಬ್ಬರಿಗೆ ಹರಡುತ್ತವೆಂದು ಸುಶ್ರುತಾಚಾರ್ಯರು ಎಂದೋ ಎಚ್ಚರಿಸಿದ್ದಾರೆ. ಹುಳುಕಡ್ಡಿಯು ಹೀಗೆಯೇ ಮನೆ ಮನೆಗೆ ಹೋಗುತ್ತದೆ. ರೇಷ್ಮೆ ಬೆಳೆಯುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಶುಚಿಗೊಳಿಸದ ಚಂದ್ರಿಕೆಯಿಂದ ಬೆಳೆಗೆ ಬೆಳೆಯೇ ಕೈಬಿಟ್ಟದ್ದನ್ನು ಅವರು ಕಂಡಿದ್ದಾರೆ. ಆದರೆ ಹುಳುಮನೆಗೆ ಬಳಸುವ ಬ್ಲೀಚಿಂಗ್ ಪೌಡರನ್ನು ಹಾಸಿಗೆ ಬಳಸಬಾರದು, ರಬ್ಬರ್ ಹಾಳಾಗುತ್ತದೆ. ಅಂಟುವಾಳಕಾಯಿ ನೆನೆಸಿದ ತಿಳಿನೀರಿನಲ್ಲಿ ಬಟ್ಟೆಯನ್ನು ಅದ್ದಿ ಹಿಂಡಿ ಎರಡೂ ಬದಿ ಒರೆಸಿ, ಮತ್ತೆ ಬರಿಯ ನೀರಿನ ಬಟ್ಟೆಯಿಂದ ಒರೆಸಿದರೆ ಸಾಕು. ಸಾಬೂನಿನ ಅಂಶ ಉಳಿದರೆ ಅದೇ ಜಾರಿಸುತ್ತದೆ. ಒಣಗಿಸುವುದು ನೆರಳಿನಲ್ಲಿ, ಬಿಸಿಲಿಗೆ ರಬ್ಬರ್ ಬಿರಿಯುತ್ತದೆ. ತೇವವಿರುವಾಗ ಸುತ್ತಿಡಬಾರದು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಹಾಸು ಕೊಳ್ಳಲು ಅನುಕೂಲವಿಲ್ಲದವರು ಆಸನವನ್ನು ನಿಲ್ಲಿಸಬೇಕಾಗಿಲ್ಲ. ನಿಂತು ಮಾಡುವ ಆಸನಗಳನ್ನು ಶುಚಿಯಾದ, ಒರಟು ಚಪ್ಪಡಿ ಅಥವಾ ಸಿಮೆಂಟ್ ನೆಲದ ಮೇಲೆ ಬರಿಗಾಲಿನಲ್ಲಿ ಮಾಡಿ, ಕುಳಿತು ಮಲಗಿ ಮಾಡುವವನ್ನು ಕಂಬಳಿಯ ಮೇಲೆ ಮಾಡಬಹುದು. ಕಾಲುಚೀಲ ಧರಿಸಿ ಮಾತ್ರ ಎಂದೂ ನಿಲ್ಲಬಾರದು. ಗೋಡೆಯಿಂದ ಒಂದು ಗೇಣು ದೂರದಲ್ಲಿ ಬೆನ್ನು ಮಾಡಿ ನಿಂತರೆ ಜಾರಿದರೂ ಆಸರೆ ಸಿಗುತ್ತದೆ. ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬುದು ಆಯುರ್ವೇದದ ಅಳತೆ. ಬೇಸಿಗೆ ಮತ್ತು ಮಳೆಗಾಲದಲ್ಲಿ ಅದಕ್ಕಿಂತಲೂ ಕಡಿಮೆ. ಹಣೆಯಲ್ಲಿ, ಕಂಕುಳಲ್ಲಿ ಬೆವರು ಮೂಡಿತೆಂದರೆ ಆ ದಿನಕ್ಕೆ ಅಷ್ಟು ಸಾಕು. ಬೆವರು ಅಂಗೈಗಿಳಿದು ಕೈ ಜಾರತೊಡಗುವವರೆಗೆ ಮುಂದುವರಿಸುವವರು ಹಾಸನ್ನು ದೂರಿ ಫಲವಿಲ್ಲ.

ದಿನವೂ ಬಳಸುವ ಹಾಸಿನಲ್ಲಿ ಅಂಗೈ ಮತ್ತು ಹಿಮ್ಮಡಿ ಊರುವ ಜಾಗಗಳು ಮೊದಲು ಸವೆಯುತ್ತವೆ. ಅಲ್ಲಿ ಹೊಳಪು ಕಾಣಿಸಿಕೊಂಡರೆ, ಪುಡಿ ಉದುರತೊಡಗಿದರೆ, ಅದರ ಮೇಲೆ ನಿಂತು ಮಾಡುವ ಆಸನಗಳನ್ನು ನಿಲ್ಲಿಸಬೇಕು. ಸವೆಯದೆ ಉಳಿದ ಭಾಗವನ್ನು ಚೌಕವಾಗಿ ಕತ್ತರಿಸಿ ಇಟ್ಟುಕೊಂಡರೆ ಮಂಡಿಯ ಕೆಳಗೆ ಇಡುವುದಕ್ಕೂ, ಆಸರೆಗೆ ಹಿಡಿಯುವ ಕುರ್ಚಿಯ ಕಾಲುಗಳು ಟೈಲ್ಸ್ ಮೇಲೆ ಸರಿಯದಂತೆ ಅಡಿಯಲ್ಲಿ ಕೊಡುವುದಕ್ಕೂ ಒದಗುತ್ತದೆ.