ಮಡಕಶಿರ: ಕಚೇರಿಯ ದೂರ

ಆಂಧ್ರಪ್ರದೇಶದ ನಕ್ಷೆಯಲ್ಲಿ ಕನ್ನಡನಾಡಿನೊಳಕ್ಕೆ ಚಾಚಿಕೊಂಡಿರುವ ಒಂದು ತುಣುಕು ಮಡಕಶಿರದ ಸೀಮೆ. ಇದರ ಮೂರು ದಿಕ್ಕಿಗೂ ಕರ್ನಾಟಕವೇ. ಇಲ್ಲಿನ ಹೇಮಾವತಿ, ಹೆಂಜೇರು ಎಂಬ ಹೆಸರಿನಲ್ಲಿ ಒಮ್ಮೆ ನೊಳಂಬರ ರಾಜಧಾನಿಯಾಗಿತ್ತು. ಕಚೇರಿಯ ಭಾಷೆ ತೆಲುಗು. ಸಂತೆಯಲ್ಲಿ ತೆಲುಗೂ ಕನ್ನಡವೂ ಬೆರೆತು ಕೇಳಿಸುತ್ತವೆ.

ಮಳೆನೆರಳಿನ ಈ ನೆಲದಲ್ಲಿ ಕಡಲೆಕಾಯಿಯ ರೈತ ಪ್ರತಿವರ್ಷವೂ ಮುಗಿಲನ್ನು ನಂಬಿಯೇ ಬೀಜ ಬಿತ್ತುತ್ತಾನೆ. ಬೆಳೆ ಕೈಕೊಟ್ಟ ವರ್ಷ ಅವನಿಗೆ ಸರ್ಕಾರದ ಕಚೇರಿ ಎಷ್ಟು ದೂರ ಎಂಬುದೇ ದೊಡ್ಡ ಪ್ರಶ್ನೆ. ಹಿಂದಿನ ಅನಂತಪುರ ಜಿಲ್ಲೆಯ ವಿಸ್ತಾರ 19,130 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 40.8 ಲಕ್ಷ. ಜಿಲ್ಲಾಧಿಕಾರಿಯನ್ನು ಕಾಣಲು ಮಡಕಶಿರದವರು ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕಿತ್ತು.

1984ರಲ್ಲಿ ಎನ್. ಟಿ. ರಾಮರಾಯರ ಸರ್ಕಾರ ವಂಶಪಾರಂಪರ್ಯದ ಕರಣಂ ಹುದ್ದೆಯನ್ನು ರದ್ದುಗೊಳಿಸಿತು. ಮರುವರ್ಷ ದೊಡ್ಡ ತಾಲೂಕುಗಳ ಬದಲು ಚಿಕ್ಕ ಮಂಡಲಗಳು ಬಂದವು. ಈ ಸೀಮೆಯಲ್ಲೀಗ ಮಡಕಶಿರ, ಗುಡಿಬಂಡ, ರೊಳ್ಳ, ಅಗಳಿ, ಅಮರಾಪುರಂ ಎಂಬ ಐದು ಮಂಡಲಗಳಿವೆ. 2022ರ ಏಪ್ರಿಲ್ 4ರಂದು ಜಿಲ್ಲೆಯೂ ಒಡೆದು, ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಜಿಲ್ಲಾಕೇಂದ್ರ ಪುಟ್ಟಪರ್ತಿ.

ಹೀಗೆ ದಾರಿ ಕುಗ್ಗಿತು. ಹಳೆಯ ಕರಣಂ ಊರಿನ ಒಂದೊಂದು ಹೊಲವನ್ನೂ ಬಲ್ಲವನು. ಆ ಬಲ್ಲತನವೇ ಅವನ ದರ್ಪಕ್ಕೂ ಮೂಲ. ದರ್ಪ ಅಳಿದದ್ದು ಒಳಿತೇ. ಆದರೆ ಹೊಲವನ್ನು ಬಲ್ಲ ಕಣ್ಣು ಹೊಸ ಕಚೇರಿಗೂ ಬೇಕು. ಅದಿಲ್ಲದೆ ಹೋದರೆ ಅಡಂಗಲ್ಲಿನ ಒಂದು ಪ್ರತಿಗಾಗಿ ಬಾಗಿಲಲ್ಲಿ ಕಾದು ನಿಂತ ರೈತನಿಗೆ ಹತ್ತಿರದ ಕಚೇರಿಯೂ ದೂರವೇ.