ಕರ್ಸರ್ ನಿಂತರೆ ಕೈ ಚೆಲ್ಲಬೇಡಿ: ಟಚ್‌ಪ್ಯಾಡ್ ತೊಂದರೆಗೆ ಮನೆಯಲ್ಲೇ ಪರೀಕ್ಷೆ

ಕಳೆದ ವರ್ಷ ನಮ್ಮ ಆಪಾ ಸಿಇಟಿ ಆಪ್ಷನ್ ಎಂಟ್ರಿ ಮಾಡುತ್ತಿದ್ದಳು. ಮರುದಿನವೇ ಕೊನೆಯ ದಿನ. ರಾತ್ರಿ ಒಂಬತ್ತರ ಹೊತ್ತಿಗೆ ಲ್ಯಾಪ್‌ಟಾಪಿನ ಬಾಣ ಇದ್ದಲ್ಲೇ ನಿಂತುಬಿಟ್ಟಿತು. ಅಬ್ಬಾ "ಬೆಳಿಗ್ಗೆ ಮೊದಲ ಬಸ್ಸಿಗೆ ಕಲಬುರಗಿಗೆ ಹೋಗೋಣ" ಎಂದರು. ಅಂಗಡಿಯವನಿಗೆ ಫೋನ್ ಮಾಡಿದರೆ ಟಚ್‌ಪ್ಯಾಡ್ ಬದಲಿಸಬೇಕು, ಎರಡು ದಿನ ಬೇಕು ಎಂದ. ಕೊನೆಗೆ ತಿಳಿದದ್ದು ಇಷ್ಟೇ: ಲ್ಯಾಪ್‌ಟಾಪ್ ಒರೆಸುವಾಗ ಒಂದು ಕೀ ಒತ್ತಿಹೋಗಿ ಟಚ್‌ಪ್ಯಾಡ್ ಬಂದ್ ಆಗಿತ್ತು. ಖರ್ಚು ಸೊನ್ನೆ. ಆದರೆ ಆ ರಾತ್ರಿಯ ಗಾಬರಿ ಇನ್ನೂ ಮರೆತಿಲ್ಲ. ಆ ಗಾಬರಿ ನಿಮಗೆ ಬೇಡವೆಂದು ಈ ಲೇಖನ.

ಮೊದಲು ಟಚ್‌ಪ್ಯಾಡ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಅದರ ಮೇಲ್ಪದರದ ಕೆಳಗೆ ಸಣ್ಣ ವಾಹಕ ಗೆರೆಗಳ ಬಲೆ ಇರುತ್ತದೆ. ನಮ್ಮ ಬೆರಳು ವಿದ್ಯುತ್ ವಾಹಕವಾದ್ದರಿಂದ ಹತ್ತಿರ ಬಂದೊಡನೆ ಅಲ್ಲಿಯ ಧಾರಕತೆ, ಅಂದರೆ ಭೌತಶಾಸ್ತ್ರದಲ್ಲಿ ಓದುವ ಕೆಪ್ಯಾಸಿಟನ್ಸ್, ಬದಲಾಗುತ್ತದೆ. ಎಲ್ಲಿ ಬದಲಾಯಿತೋ ಅಲ್ಲಿ ಬೆರಳಿದೆ ಎಂದು ಚಿಪ್ ಲೆಕ್ಕ ಹಾಕುತ್ತದೆ. ಆದ್ದರಿಂದಲೇ ಒದ್ದೆ ಕೈ, ಬೆವರು, ಎಣ್ಣೆ ಅದನ್ನು ಗೊಂದಲಗೊಳಿಸುತ್ತವೆ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್ ನಡುವೆ ಕೆಂಪು ಗುಂಡಿಯೂ ಇರುತ್ತದೆ. ಅದು ಟ್ರ್ಯಾಕ್‌ಪಾಯಿಂಟ್. 1992ರಲ್ಲಿ ಐಬಿಎಂ ಕಂಪನಿಯ ಥಿಂಕ್‌ಪ್ಯಾಡ್ 700ಸಿ ಜೊತೆ ಬಂತು. ಅದು ಸರಿಯುವುದಿಲ್ಲ, ಬೆರಳು ಯಾವ ಕಡೆಗೆ ಎಷ್ಟು ಒತ್ತಿತು ಎಂಬುದನ್ನು ಅಳೆಯುತ್ತದೆ. ಮುಟ್ಟದಿದ್ದರೂ ಬಾಣ ತಾನಾಗಿ ಒಂದು ಕಡೆ ಜಾರತೊಡಗಿದರೆ ಬೆರಳು ತೆಗೆದು ಕೆಲವು ಸೆಕೆಂಡು ಸುಮ್ಮನಿರಿ. ಅದು ತನ್ನ ಸೊನ್ನೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ರಬ್ಬರ್ ಟೋಪಿ ಸವೆದಿದ್ದರೆ ಅದನ್ನಷ್ಟೇ ಬದಲಿಸಬಹುದು.

ಈಗ ಪರೀಕ್ಷೆಗೆ ಬರೋಣ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

1. ಬಂದ್ ಆಗಿದೆಯೇ ನೋಡಿ. ಮೇಲಿನ ಸಾಲಿನ ಕೀಗಳಲ್ಲಿ ಟಚ್‌ಪ್ಯಾಡ್ ಚಿತ್ರವಿರುವ ಕೀ ಹುಡುಕಿ. ಅದನ್ನು ಒತ್ತಿ, ಆಗದಿದ್ದರೆ ಎಫ್‌ಎನ್ ಕೀ ಹಿಡಿದು ಒತ್ತಿ. ಕೆಲವು ಎಚ್‌ಪಿ ಮಾದರಿಗಳಲ್ಲಿ ಟಚ್‌ಪ್ಯಾಡಿನ ಎಡ ಮೇಲ್ಮೂಲೆಯನ್ನು ಎರಡು ಸಲ ತಟ್ಟಿದರೆ ಬಂದ್ ಆಗುತ್ತದೆ, ಮತ್ತೆ ತಟ್ಟಿದರೆ ಚಾಲೂ ಆಗುತ್ತದೆ.

2. ರೀಸ್ಟಾರ್ಟ್ ಮಾಡಿ. ಬಾಣವಿಲ್ಲದೆ ಹೇಗೆ? ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಆಮೇಲೆ ಯು, ಆಮೇಲೆ ಆರ್. ಮೊದಲು ತೆರೆದಿಟ್ಟ ಕೆಲಸವನ್ನು ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸಿಕೊಳ್ಳಿ.

3. ಸೆಟ್ಟಿಂಗ್ಸ್ ನೋಡಿ. ವಿಂಡೋಸ್ ಕೀ ಒತ್ತಿ, ಇಂಗ್ಲಿಷಿನಲ್ಲಿ ಟಚ್‌ಪ್ಯಾಡ್ ಎಂದು ಬರೆದು ಎಂಟರ್ ಕೊಡಿ. ಟ್ಯಾಬ್ ಕೀಯಿಂದ ಸ್ವಿಚ್ ತನಕ ಹೋಗಿ ಸ್ಪೇಸ್ ಒತ್ತಿದರೆ ಆನ್ ಆಗುತ್ತದೆ. ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ಬಂದ್ ಆಗಲಿ ಎಂಬ ಆಯ್ಕೆಯೂ ಅಲ್ಲೇ ಇದೆ. ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರ್ ಹಿಂದೆ ಚುಚ್ಚಿದ್ದು ಮರೆತಿದ್ದರೂ ಹೀಗಾಗಬಹುದು.

4. ಚಾರ್ಜರ್ ತೆಗೆದು ನೋಡಿ. ಇದು ನಮ್ಮ ಕಡೆ ಬಹಳ ಮುಖ್ಯ. ಚಾರ್ಜ್ ಆಗುವಾಗ ಮಾತ್ರ ಬಾಣ ಕುಣಿದು, ಚಾರ್ಜರ್ ತೆಗೆದೊಡನೆ ಸರಿಹೋದರೆ ದೋಷ ಟಚ್‌ಪ್ಯಾಡಿನದಲ್ಲ. ಪ್ಲಗ್ ಪಾಯಿಂಟಿನಲ್ಲಿ ಅರ್ಥಿಂಗ್ ಇಲ್ಲ, ಇಲ್ಲವೇ ಚಾರ್ಜರ್ ಕಳಪೆ. ಮೂರು ಪಿನ್ನಿನ ಪ್ಲಗ್ ಅನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿದರೂ ಅರ್ಥಿಂಗ್ ತಪ್ಪುತ್ತದೆ. ಎಲೆಕ್ಟ್ರೀಷಿಯನ್ ಕರೆದು ಸರಿಪಡಿಸಿಕೊಳ್ಳಿ. ಅದು ಲ್ಯಾಪ್‌ಟಾಪಿಗಷ್ಟೇ ಅಲ್ಲ, ಮನೆಯವರ ಜೀವಕ್ಕೂ ರಕ್ಷಣೆ.

5. ಸ್ವಚ್ಛಗೊಳಿಸಿ. ತೊಗರಿ ರಾಶಿಯ ದಿನಗಳಲ್ಲಿ ಧೂಳು ಮನೆಯೊಳಗೂ ಬರುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಮೆತ್ತನೆಯ ಬಟ್ಟೆಯನ್ನು ಸ್ವಲ್ಪವೇ ತೇವ ಮಾಡಿ ಒರೆಸಿ, ಒಣಗಲು ಬಿಡಿ. ನೀರನ್ನು ನೇರವಾಗಿ ಸುರಿಯಬಾರದು.

6. ಡ್ರೈವರ್ ಮತ್ತೆ ಕೂಡಿಸಿ. ವಿಂಡೋಸ್ ಮತ್ತು ಎಕ್ಸ್, ಆಮೇಲೆ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಟಚ್‌ಪ್ಯಾಡಿನ ಹೆಸರು ಮೌಸ್ ಗುಂಪಿನಲ್ಲೋ ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಗುಂಪಿನಲ್ಲೋ ಇರುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಸಾಮಾನ್ಯವಾಗಿ ತಾನೇ ಮತ್ತೆ ಕೂಡಿಸುತ್ತದೆ. ಹೆಸರು ಖಚಿತವಿಲ್ಲದಿದ್ದರೆ ಮುಟ್ಟಬೇಡಿ. ಲೆಕ್ಚರರ್ ಸಹಾಯ ಪಡೆಯಿರಿ.

ಒಂದು ಎಚ್ಚರಿಕೆ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ಕ್ಲಿಕ್ ಬಿಗಿಯಾಗಿದ್ದರೆ ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಕೆಳಗಿನ ಬ್ಯಾಟರಿ ಉಬ್ಬಿರಬಹುದು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ, ಹಾಸಿಗೆಯ ಮೇಲಿಟ್ಟು ಗಾಳಿಯಾಡದಂತೆ ಬಳಸಿದರೆ ಬ್ಯಾಟರಿ ಬೇಗ ಕೆಡುತ್ತದೆ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಬೆಂಕಿ ಹತ್ತುವ ಅಪಾಯವಿದೆ. ಆಫ್ ಮಾಡಿ ಸರ್ವೀಸ್ ಸೆಂಟರಿಗೆ ಒಯ್ಯಿರಿ.

ಯಾವುದಕ್ಕೂ ಬಗ್ಗದಿದ್ದರೆ? ಫಾರ್ಮ್ ತುಂಬುವ ಕೆಲಸ ನಿಲ್ಲಬೇಕಿಲ್ಲ. ಯುಎಸ್‌ಬಿ ಮೌಸ್ ಯಾರ ಬಳಿಯಾದರೂ ಸಿಗುತ್ತದೆ. ಅದೂ ಇಲ್ಲದಿದ್ದರೆ ಟ್ಯಾಬ್ ಒತ್ತಿದರೆ ಮುಂದಿನ ಖಾನೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಿನದು, ಸ್ಪೇಸ್ ಒತ್ತಿದರೆ ಟಿಕ್, ಎಂಟರ್ ಒತ್ತಿದರೆ ಬಟನ್. ಆದರೆ ಪಟ್ಟಿಯ ಖಾನೆಯಲ್ಲಿ ನಿಂತು ಬಾಣದ ಕೀ ಒತ್ತಿದರೆ ಆಯ್ಕೆಯೇ ಬದಲಾಗುತ್ತದೆ. ಕಾಲೇಜುಗಳ ಕ್ರಮ ತಪ್ಪಿದರೆ ಸೀಟೂ ತಪ್ಪೀತು. ಸಲ್ಲಿಸುವ ಮುಂಚೆ ಒಂದೊಂದನ್ನೂ ಗಟ್ಟಿಯಾಗಿ ಓದಿ, ಮನೆಯವರೊಬ್ಬರಿಗೆ ಕೇಳಿಸಿ.

ಆಪಾ ಆ ರಾತ್ರಿ ಹನ್ನೊಂದಕ್ಕೆ ಆಪ್ಷನ್ ಎಂಟ್ರಿ ಮುಗಿಸಿದಳು. ಬೆಳಿಗ್ಗೆಯ ಬಸ್ ನಮಗೆ ಬೇಕಾಗಲಿಲ್ಲ. ನೀವು ಮಾತ್ರ ಕೊನೆಯ ದಿನದವರೆಗೆ ಕಾಯಬೇಡಿ. ಯಂತ್ರ ಕೆಟ್ಟರೂ ಸರಿಪಡಿಸಲು ಒಂದು ದಿನ ಕೈಯಲ್ಲಿರಲಿ.